ಕಿವಿಯಲ್ಲಿ ಹೇಳಿದ ಮಾತು

ರೌನಿಗೆ ಮಾತು ಬಾರದೆಂದೇ ಊರಿಗೆಲ್ಲ ಗೊತ್ತಿತ್ತು. ಬಡಗಣ ಫಿನ್ಲೆಂಡಿನ ಆ ಸಣ್ಣ ಊರಿನಲ್ಲಿ ಕಡಿಮೆ ಮಾತಾಡುವುದು ಯಾರಿಗೂ ಕುಂದಲ್ಲ. ಆದರೂ ಅಂಥವರ ನಡುವೆಯೇ ಅವಳು ಎದ್ದು ಕಾಣುವಷ್ಟು ಮೌನಿ. ಮಕ್ಕಳ ಹತ್ತಿರ ಮಾತ್ರ ಹಾಗಲ್ಲ. ಇನ್ನೂ ಶಾಲೆಗೆ ಸೇರದ ಮಕ್ಕಳಿಗಾಗಿ ಚರ್ಚಿನವರು ವಾರಕ್ಕೆ ಎರಡು ಬೆಳಿಗ್ಗೆ ನಡೆಸುವ ಕೂಟವನ್ನು ಅವಳು ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಳು. ಸಭಾಭವನದ ನೆಲಮಾಳಿಗೆಯಲ್ಲಿ ಒದ್ದೆ ಕೈಗವಸು ಒಣಗಿಸುತ್ತ, ಮೂಗು ಒರೆಸುತ್ತ, ಹಾಡು ಹೇಳಿಸುತ್ತ ಊರಿನ ಹರೆಯದವರಲ್ಲಿ ಅರ್ಧ ಪಾಲನ್ನು ಅವಳೇ ಆಡಿಸಿದ್ದಳು.

ಕೂಟದ ಕೊನೆಗೆ ಮೇಣದಬತ್ತಿಯ ಹೊತ್ತು. ದೇವರಲ್ಲಿ ಏನು ಕೇಳಬೇಕೆಂದು ಮಕ್ಕಳು ಒಬ್ಬೊಬ್ಬರಾಗಿ ಬಂದು ರೌನಿಯ ಕಿವಿಯಲ್ಲಿ ಹೇಳುತ್ತಾರೆ. ಅವಳು ಅವರಿಗಾಗಿ ಒಂದು ಬತ್ತಿ ಹಚ್ಚುತ್ತಾಳೆ. "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ. ದೇವರಿಗೂ ನನಗೂ ಬಿಟ್ಟು ಇನ್ಯಾರಿಗೂ ಗೊತ್ತಾಗಲ್ಲ," ಎಂದು ಮೊದಲ ದಿನವೇ ಪ್ರತಿ ಮಗುವಿಗೂ ಹೇಳುತ್ತಿದ್ದಳು.

ಆದರೆ ಭಾನುವಾರ, ಆರಾಧನೆ ಮುಗಿದು ಎಲ್ಲರೂ ಕಾಫಿಗೆ ಕೂತಾಗ, ಆ ಬೇಡಿಕೆಗಳನ್ನು ಬಿಟ್ಟರೆ ಅವಳ ಬಳಿ ಆಡಲು ಬೇರೆ ಮಾತೇ ಇರುತ್ತಿರಲಿಲ್ಲ. ಬಹಳ ಹಿಂದೆ ಒಂದು ಮಗು ತನ್ನ ಕಪ್ಪೆಗೆ ಚಳಿಗಾಲದ ಬೂಟು ಬೇಡಿಕೊಂಡದ್ದನ್ನು ಅವಳು ಬಾಯಿತಪ್ಪಿ ಆಡಿದ್ದಳು. ಇಡೀ ಮೇಜು ನಕ್ಕಿತ್ತು. ಅಂದಿನಿಂದ ರೌನಿ ಕಪ್ಪು ಹಿಡಿದು ಬಂದರೆ ಜನ ಸರಿದು ಜಾಗ ಕೊಡುತ್ತಿದ್ದರು. ಹೆಸರು ಹೇಳುವುದಿಲ್ಲವಲ್ಲ, ತಪ್ಪೇನು ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು.

ನವೆಂಬರಿನ ಒಂದು ಭಾನುವಾರ, ಚರ್ಚಿನ ಗಂಟೆ ಬಾರಿಸುವ ಕಲೇವಿ ಕೇಳಿದ, "ಏನು ರೌನಿ, ಈ ವಾರ ಮೇಲಕ್ಕೆ ಏನೇನು ಅರ್ಜಿ ಹೋಯ್ತು?"

"ಒಬ್ಬ ಕೇಳ್ದ, 'ದೇವರೇ, ಸೌನಾದ ಬೆಂಚು ಮೆತ್ತಗೆ ಮಾಡು, ಅಪ್ಪ ಈಗ ಅಲ್ಲೇ ಮಲಗ್ತಾರೆ' ಅಂತ."

ಮೇಜು ನಕ್ಕಿತು.

"ಹೆಂಡ್ತಿ ಆಚೆಗೆ ಹಾಕಿರ್ಬೇಕು. ಯಾರ ಮನೇದು?" ಎಂದ ಕಲೇವಿ.

"ಅದನ್ನ ಹೇಳಲ್ಲಪ್ಪ," ಎಂದಳು ರೌನಿ. ಆದರೆ ಎಲ್ಲರ ಕಣ್ಣು ಇನ್ನೊಂದು ಗಳಿಗೆ ತನ್ನ ಮೇಲೇ ಇರಲಿ ಎನ್ನಿಸಿತು. "ಕೆಂಪು ಕೂದಲು ಕೆದರ್ಕೊಂಡು ಎಷ್ಟು ಗಂಭೀರವಾಗಿ ಕೇಳ್ದ ಗೊತ್ತಾ?"

ಕೂಟದಲ್ಲಿ ಕೆಂಪು ಕೂದಲಿನವನು ನೀಲೊ ಒಬ್ಬನೇ. ಮೇಜಿನ ತುದಿಯಲ್ಲಿ ಅವನ ಅಜ್ಜಿ ಸೈಮಿ ಏಲಕ್ಕಿ ಬನ್ನನ್ನು ಕಾಫಿಯಲ್ಲಿ ಅದ್ದಿ ಹಾಗೇ ಹಿಡಿದಿದ್ದಳು. ಬನ್ನು ನೆನೆದು ಮುರಿದು ಕಪ್ಪಿನೊಳಗೆ ಬಿತ್ತು. ಸೈಮಿ ಎದ್ದು ಕೋಟು ಹಾಕಿಕೊಂಡು ಹೊರಟುಹೋದಳು.

ಮನೆಯ ದಾರಿಯುದ್ದಕ್ಕೂ ರೌನಿಯ ಮುಖ ಸುಡುತ್ತಿತ್ತು. ನೀಲೊನ ಮನೆಯಂಗಳದ ತುದಿಯ ಸೌನಾದಲ್ಲಿ, ಆ ಹಬೆಸ್ನಾನದ ಗುಡಿಸಲಲ್ಲಿ, ಆರಿದ ಒಲೆಯ ಪಕ್ಕದ ಹಲಗೆಯ ಮೇಲೆ ಮುದುಡಿ ಮಲಗಿದ ಗಂಡಸು ಈಗಷ್ಟೇ ಅವಳ ಮನಸ್ಸಿಗೆ ಕಂಡ. ಹೇಳುವಾಗ ಕಂಡಿರಲಿಲ್ಲ. ಕಪ್ಪೆಗೆ ಬೂಟು ಕೇಳಿದ್ದ ಹುಡುಗಿಯೂ ನೆನಪಾದಳು. ಅವಳಿಗೀಗ ಇಪ್ಪತ್ತನಾಲ್ಕು. ಅಂಗಡಿಯಲ್ಲಿ ರೌನಿಯನ್ನು ಕಂಡರೆ ಬೇರೆ ಸಾಲಿಗೆ ಹೋಗಿ ನಿಲ್ಲುತ್ತಾಳೆ. ಪಾಪ, ಸಂಕೋಚದ ಹುಡುಗಿ ಎಂದುಕೊಂಡಿದ್ದಳು ರೌನಿ, ಇಷ್ಟು ವರ್ಷ.

ಮಂಗಳವಾರ ನೀಲೊ ಬರಲಾರನೆಂದು ಅವಳು ನಂಬಿದ್ದಳು. ಬಂದ.

"ಬೆಂಚು ಇನ್ನೂ ಗಟ್ಟಿಯಾಗೇ ಇದೆ ರೌನಿ," ಎಂದಳು ಸೈಮಿ, ಹುಡುಗ ಒಳಗೆ ಓಡಿದ ಮೇಲೆ. "ಮುಂದಿನ ಭಾನುವಾರಕ್ಕೆ ಬೇಕಾಗುತ್ತಲ್ಲ, ಅದಕ್ಕೆ ಹೇಳ್ದೆ."

"ತಪ್ಪಾಯ್ತು ಸೈಮಿ."

"ನನ್ನ ಹತ್ರ ಬೇಡ. ನಿನ್ನ ಕಿವೀಲಿ ಹೇಳಿದ್ದು ನಾನಲ್ಲ."

"ಮತ್ತೆ ಯಾಕೆ ಕರ್ಕೊಂಡು ಬಂದೆ?"

"ಅವನಿಗೇನು ಗೊತ್ತು? ಎದ್ದ ತಕ್ಷಣ ರೌನಿ ಅತ್ತೆ ಹತ್ರ ಹೋಗ್ಬೇಕು ಅಂತಾನೆ. ನಾನೇನು ಮಾಡ್ಲಿ?"

ಸುಮ್ಮನಿದ್ದುಬಿಟ್ಟರೆ ಹುಡುಗನಿಗೆ ಎಂದೂ ಗೊತ್ತಾಗುವುದಿಲ್ಲ. ಬೆಳಿಗ್ಗೆಯಿಡೀ ರೌನಿ ಅದನ್ನೇ ತಿರುವಿಹಾಕಿದಳು. ಬತ್ತಿಯ ಹೊತ್ತಾಯಿತು. ನೀಲೊ ಎಂದಿನಂತೆ ಅವಳ ಭುಜ ಹಿಡಿದು ಕಿವಿಗೆ ಬಾಯಿ ತಂದ. ಅವನ ಉಸಿರು ಬೆಚ್ಚಗೆ ತಾಗಿತು.

"ತಡಿ," ಎಂದಳು. ಬಗ್ಗಿ ಅವನ ಕಿವಿಯಲ್ಲಿ ತಾನೇ ಹೇಳಿದಳು, "ಹೋದ ಸಲ ನೀನು ಹೇಳಿದ್ದನ್ನ ದೊಡ್ಡವರಿಗೆ ಹೇಳ್ಬಿಟ್ಟೆ. ಹೇಳಬಾರದಿತ್ತು."

"ಬೆಂಚಿಂದಾ?"

"ಹೂಂ."

"ಅವರೇನಂದ್ರು?"

"ನಕ್ಕರು."

ನೀಲೊ ಅವಳನ್ನೇ ನೋಡಿದ. "ನೀನೂ ನಕ್ಯಾ, ಅತ್ತೆ?"

ಇಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. "ನಾನೂ ನಕ್ಕೆ," ಎಂದಳು.

ಹುಡುಗ ಅಳಲಿಲ್ಲ. ಹಚ್ಚದ ಬತ್ತಿಯನ್ನು ತನ್ನ ಕಡೆಗೆ ಎಳೆದುಕೊಂಡು ಎರಡೂ ಕೈ ಬಾಯಿಗೆ ಅಡ್ಡ ಹಿಡಿದ. ಏನೋ ನೆನಪಾದಂತೆ ತಲೆ ಎತ್ತಿದ.

"ನೀನು ಆ ಕಡೆ ತಿರುಗು."

ಕೈಗವಸು ತೂಗುಹಾಕಿದ್ದ ಗೋಡೆಯ ಕಡೆ ರೌನಿ ತಿರುಗಿ ಕೂತಳು. ಮಿಕ್ಕ ಮಕ್ಕಳೆಲ್ಲ ನೋಡುತ್ತಿದ್ದಂತೆಯೇ ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡಳು. ಬಹಳ ಹೊತ್ತು ಹಾಗೇ ಇದ್ದಳು. ಕೊನೆಗೆ ಅವನೇ ಅವಳ ಲಂಗ ಜಗ್ಗಿದ.

"ಆಯ್ತು. ಈಗ ಹಚ್ಚು."

ಏನು ಬೇಡಿಕೊಂಡನೆಂದು ಕೇಳದೆ ಅವಳು ಕಡ್ಡಿ ಗೀರಿ ಬತ್ತಿ ಹಚ್ಚಿದಳು.