ಲೈಟು ಹಚ್ಚದ ಸಾವಿತ್ರೆವ್ವ

ನಮ್ಮ ಬಾಜು ಮನೆಯ ಸಾವಿತ್ರೆವ್ವ ಮೆತ್ತಗೆ ಮಾತಾಡಿದ್ದನ್ನು ನಾನು ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಕೇಳಿಲ್ಲ. ಮಿಶ್ರಿಕೋಟಿಯ ಬಸ್ಸು ನಿಲ್ಲಿಸದೆ ಹೋದರೆ ಕಂಡಕ್ಟರನಿಗೆ ಕೇಳಿಸುವಂತೆ ಬೈಯುವ ಮುದುಕಿ. ಆದರೆ ಹೋದ ವರ್ಷ ಹೆಡ್‌ಮಾಸ್ತರರ ಎದುರು ನಿಂತಳಲ್ಲ, ಅದರ ಮುಂದೆ ಅದೆಲ್ಲ ಏನೂ ಅಲ್ಲ.

ಹತ್ತನೇ ಇಯತ್ತೆಯ ಪರೀಕ್ಷೆ ಹತ್ತಿರ ಬಂತೆಂದರೆ ಹೆಡ್‌ಮಾಸ್ತರ ಕುಬೇರಪ್ಪನವರು ನಸುಕಿನಲ್ಲೇ ಬೈಕ್ ಹತ್ತಿ ಓಣಿ ಓಣಿ ಸುತ್ತುತ್ತಾರೆ. ಲೈಟು ಉರಿಯುತ್ತಿದ್ದರೆ ಹುಡುಗರು ಓದುತ್ತಿದ್ದಾರೆ ಎಂದು ಲೆಕ್ಕ. ಕತ್ತಲಿದ್ದ ಮನೆಯ ಮುಂದೆ ಹಾರ್ನ್. ನಮ್ಮ ಮನೆಯಲ್ಲಂತೂ ಲೈಟು ಝಗಝಗ ಉರಿಯುತ್ತಿತ್ತು. ಅದರ ಕೆಳಗೆ ನನ್ನ ಮಗ ಗೌರೀಶ ವಿಜ್ಞಾನದ ಪುಸ್ತಕದ ಮೇಲೆ ಜೊಲ್ಲು ಸುರಿಸುತ್ತಾ ಗೊರಕೆ ಹೊಡೆಯುತ್ತಿದ್ದ. ಹೆಡ್‌ಮಾಸ್ತರರು ಹೊರಗಿನಿಂದಲೇ "ಶಬ್ಬಾಸ್!" ಎಂದು ಮುಂದೆ ಹೋಗುತ್ತಿದ್ದರು.

ಸಾವಿತ್ರೆವ್ವನ ಮೊಮ್ಮಗಳು ಅಮೃತಾ ಹಾಗೆ ಮೋಸ ಮಾಡುವವಳಲ್ಲ. ನಿಜವಾಗಿಯೂ ಎದ್ದು ಓದುತ್ತಿದ್ದಳು, ಆಮೇಲೆ ಸಾಲೆಯಲ್ಲಿ ದಿನವೆಲ್ಲ ತೂಕಡಿಸುತ್ತಿದ್ದಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತ, ವಿಜ್ಞಾನ ಎರಡೂ ಹೋದವು. ಅಳುತ್ತಾ ಕೂತವಳಿಗೆ ಅಜ್ಜಿ, "ಇವತ್ತ ನಸಕಿನ್ಯಾಗ ಏನ್ ಓದಿದ್ದಿ, ಹೇಳ ನೋಡೂಣು" ಎಂದಳು. ಹುಡುಗಿ ಬಾಯಿ ತೆರೆದಳು, ಏನೂ ಬರಲಿಲ್ಲ.

"ಸಾಕ ಬಿಡು ಈ ಹುಚ್ಚಾಟ!" ಎಂದವಳೇ ಮುದುಕಿ ನಸುಕಿನ ಲೈಟನ್ನೇ ಬಂದ್ ಮಾಡಿದಳು.

ಅಲ್ಲಿಂದ ಓದು ಒಲೆಯ ಮುಂದೆ ನಡೆಯಿತು. ಸಂಜೆ ಅಮೃತಾ ಪಾಠ ಓದಿ, ಪುಸ್ತಕವನ್ನು ಪಡಸಾಲೆಯಲ್ಲೇ ಬಿಟ್ಟು ಬರಬೇಕು. ಸಾವಿತ್ರೆವ್ವ ರೊಟ್ಟಿ ಬಡಿಯುತ್ತಾ "ಹೂಂ, ಹೇಳು" ಎನ್ನುವಳು. ಹುಡುಗಿ ಹೇಳಿದ್ದು ಅವಳಿಗೆ ಅರ್ಧ ತಿಳಿಯುತ್ತಿರಲಿಲ್ಲ, ತಿಳಿದಂತೆ ತಲೆಯಾಡಿಸುವ ಬುದ್ಧಿಯೂ ಇರಲಿಲ್ಲ. "ಯಾಕ ಹಂಗ? ನನಗ ತಿಳೀಲಿಲ್ಲ, ಮತ್ತೊಮ್ಮಿ ಹೇಳು." ತಡವರಿಸಿದರೆ ಎದ್ದು ಹೋಗಿ ನೋಡಿಕೊಂಡು ಬಂದು ಮತ್ತೆ ಹೇಳಬೇಕು. ಗಣಿತವಾದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಬೇಕು. ನಾಲ್ಕು ದಿನ ಬಿಟ್ಟು ಮುದುಕಿ ಹಳೆಯದನ್ನೇ ಕೆದಕುವಳು. ಊಟವಾದ ಮೇಲೆ ಒಂದಕ್ಷರವೂ ಇಲ್ಲ, ನಿದ್ದೆ. ಗೋಡೆಯಾಚೆಯಿಂದ ಇದನ್ನೆಲ್ಲ ಕೇಳಿ ಕೇಳಿ ನಾನೂ ಗೌರೀಶನ ಬೆನ್ನಿಗೊಂದು ಗುದ್ದಿ ಆ ಒಲೆಯ ಮುಂದೆ ಅಟ್ಟಿದೆ.

ಕತ್ತಲ ಮನೆ ಹೆಡ್‌ಮಾಸ್ತರರ ಕಣ್ಣಿಗೆ ಬೀಳದೆ ಇರುತ್ತದೆಯೇ? ಒಂದು ನಸುಕಿನಲ್ಲಿ ಬಂದು ಬಾಗಿಲು ಬಡಿದರು. ಅಮೃತಾಳ ಅಪ್ಪ ಹನಮಂತಪ್ಪ ಕೈಕಟ್ಟಿ ನಿಂತ. ಅಂಗಳ ಗುಡಿಸುತ್ತಿದ್ದ ನಾನೂ ನಿಂತೆ.

"ಹಿಂಗ ಮಲಗಿಸಿದ್ರ ಫೇಲಾಗೂದು ಗ್ಯಾರಂಟಿ," ಎಂದರು ಹೆಡ್‌ಮಾಸ್ತರರು. "ನಮ್ಮ ಸಾಲಿ ರಿಸಲ್ಟ್ ನೂರಕ್ಕ ನೂರ ಆಗಬೇಕ್ರಿ. ಈ ವರ್ಷ ಅಕಿನ್ನ ಪರೀಕ್ಷಾಕ್ಕ ಕುಂದ್ರಸಬ್ಯಾಡ್ರಿ, ಮುಂದಿನ ವರ್ಷ ಬರೀಲಿ."

"ಆತ್ರೀ ಸರ್, ನೀವ್ ಹೇಳಿದಂಗ..." ಎಂದ ಹನಮಂತಪ್ಪ.

"ಏನ್ ಆತೋ ಮಂಗ್ಯಾ!" ಸಾವಿತ್ರೆವ್ವ ಸೆರಗು ಬಿಗಿದು ಹೊರಗೆ ಬಂದಳು. "ಮಾಸ್ತರ್ರ, ನಾ ಮೂರನೇ ಇಯತ್ತೆ ಇದ್ದಾಗ ನಮ್ಮಪ್ಪನೂ ಹಿಂಗ ಅಂದಿದ್ದ. ಈ ವರ್ಷ ಸಾಲಿ ಬಿಡಲಿ, ಮುಂದಿನ ವರ್ಷ ಹೋಗ್ಲಿ ಅಂತ. ನನಗೀಗ ಎಪ್ಪತ್ತ ದಾಟ್ಯಾವ. ಆ ಮುಂದಿನ ವರ್ಷ ಇನ್ನೂ ಬಂದಿಲ್ರಿ."

ಹೆಡ್‌ಮಾಸ್ತರರು ಏನೋ ಹೇಳಹೋದರು. ಅವಳು ಬಿಡಲಿಲ್ಲ.

"ಹುಡುಗಿ ಮಲಗ್ಯಾಳ. ನಾ ಎಬ್ಬಸಂಗಿಲ್ಲ, ಲೈಟೂ ಹಚ್ಚಂಗಿಲ್ಲ. ಪರೀಕ್ಷಾ ಈ ವರ್ಷನ ಬರೀತಾಳ. ಫೇಲಾದ್ರ ನಾಲ್ಕ ಮಂದ್ಯಾಗ ನಿಂತು ನನಗ ಬೈರಿ. ಈಗ ನಡೀರಿ, ಹಾರ್ನ್ ಹೊಡೀಬ್ಯಾಡ್ರಿ."

ಚಪ್ಪಾಳೆ ತಟ್ಟಬೇಕೆನ್ನುವಷ್ಟು ಖುಷಿಯಾಯಿತು ನನಗೆ. ಕೈಯಲ್ಲಿ ಕಸಬರಿಗೆ ಇತ್ತು.

ಹೆಡ್‌ಮಾಸ್ತರರು ಮುಖ ಗಂಟು ಹಾಕಿಕೊಂಡೇ ಅಮೃತಾಳಿಗೆ ಹಾಲ್ ಟಿಕೆಟ್ ಕೊಟ್ಟರು. ಪರೀಕ್ಷೆಯ ದಿನಗಳಲ್ಲೂ ಆ ಮನೆ ನಸುಕಿನಲ್ಲಿ ಕತ್ತಲೆಯಾಗಿಯೇ ಇತ್ತು. ಊರಲ್ಲಿ ನಾಲ್ಕು ಜನ ನಕ್ಕರು. ಸಾವಿತ್ರೆವ್ವ ಒಬ್ಬರಿಗೂ ಸೊಪ್ಪು ಹಾಕಲಿಲ್ಲ.

ರಿಸಲ್ಟ್ ಬಂದಾಗ ಗೌರೀಶ ಹೇಗೋ ದಡ ಸೇರಿದ್ದ. ಅಮೃತಾಳಿಗೆ ಫಸ್ಟ್ ಕ್ಲಾಸು, ಗಣಿತದಲ್ಲೇ ಎಲ್ಲಕ್ಕಿಂತ ಹೆಚ್ಚು. ಅಂದು ಸಂಜೆ ಕುಬೇರಪ್ಪನವರು ಪೇಢೆಯ ಪೊಟ್ಟಣ ಹಿಡಿದು ಬಂದರು. ಹೊತ್ತು ಮುಳುಗಿತ್ತು, ಪಡಸಾಲೆಯಲ್ಲಿ ಮಬ್ಬುಗತ್ತಲು.

"ಎಲ್ಲಿ ನಮ್ಮ ಅಮೃತಾ?" ಎಂದು ಬಾಗಿಲಲ್ಲಿ ನಿಂತು ತಡಕಾಡಿದರು. ಆ 'ನಮ್ಮ' ಕೇಳಿ ನನಗೆ ಮೈಯೆಲ್ಲ ಉರಿಯಿತು.

ಸಾವಿತ್ರೆವ್ವ ಕೂತಲ್ಲಿಂದ ಏಳಲಿಲ್ಲ.

"ಅಮೃತಾ, ಈಗ ಹಚ್ಚವಾ ಲೈಟು," ಎಂದಳು. "ಸರ್ ನಿನ್ನ ಮುಖಾ ನೋಡ್ಲಿ."