ಗಿಫ್ಟ್ ಕಾರ್ಡ್ ಮತ್ತು ನಮ್ಮ ವಕೀಲ ಭಾವ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹುಣಸೂರಿನಲ್ಲಿ ವಕೀಲರು. ಒಲೆಯ ಮೇಲೆ ಹಾಲು ಉಕ್ಕಿದರೂ ಅದು ಯಾರ ನಿರ್ಲಕ್ಷ್ಯ ಎಂದು ತೀರ್ಮಾನಿಸದೆ ಗ್ಯಾಸ್ ಆರಿಸುವವರಲ್ಲ. ಅಂಥವರಿಗೆ ಕಳೆದ ವರ್ಷ ಒಂದು ವಾಟ್ಸಾಪ್ ಬಂತು. ನಂಬರು ಹೊಸದು, ಫೋಟೋ ಅವರ ಸೀನಿಯರ್ ವಕೀಲರದ್ದು. ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ, ಅತಿಥಿಗಳಿಗೆ ಉಡುಗೊರೆ ಕೊಡಬೇಕು, ಗಿಫ್ಟ್ ಕಾರ್ಡ್ ಕೊಂಡು ಅದರ ನಂಬರು ಕಳಿಸಿ, ದುಡ್ಡು ಸಂಜೆ ಕೊಡುತ್ತೇನೆ ಎಂದಿತ್ತು.

ಆ ಸೀನಿಯರು ಯಾರಿಗಾದರೂ ಕಾಫಿ ಕೊಡಿಸಿದ್ದನ್ನು ಕೋರ್ಟಿನಲ್ಲಿ ಇದುವರೆಗೆ ಯಾರೂ ಕಂಡಿಲ್ಲ. ಅವರು ಉಡುಗೊರೆ ಹಂಚುತ್ತಾರೆ ಎಂದಾಗಲೇ ಅನುಮಾನ ಬರಬೇಕಿತ್ತು. ಭಾವನಿಗೆ ಬಂದದ್ದು ಸಂತೋಷ. ಇಷ್ಟು ಜನರಲ್ಲಿ ತಮ್ಮನ್ನೇ ನೆನೆದರಲ್ಲ ಎಂದು ಕಾರ್ಡುಗಳನ್ನು ಕೊಂಡು, ನಂಬರು ಕಳಿಸಿ, ಕೆಳಗೆ ಕೈಮುಗಿದ ಚಿತ್ರವನ್ನೂ ಹಾಕಿದರು. ಸಂಜೆ ಸೀನಿಯರನ್ನು ಕಂಡು, ತಲುಪಿತೇ ಎಂದು ಕೇಳಿದರಂತೆ. ಅವರು, ಏನು ಎಂದರಂತೆ.

ಠಾಣೆಗೆ ನಾನೂ ಹೋಗಿದ್ದೆ. ಭಾವ ದೂರು ಹೇಳಲಿಲ್ಲ, ವಾದ ಮಂಡಿಸಿದರು. ವಂಚನೆಗೆ ನ್ಯಾಯ ಸಂಹಿತೆಯ ಮುನ್ನೂರ ಹದಿನೆಂಟು, ಬೇರೆಯವರ ಸೋಗು ಹಾಕಿದ್ದಕ್ಕೆ ಮುನ್ನೂರ ಹತ್ತೊಂಬತ್ತು, ಅದನ್ನು ಫೋನಿನಲ್ಲಿ ಮಾಡಿದ್ದಕ್ಕೆ ಐಟಿ ಕಾಯ್ದೆಯ ಅರವತ್ತಾರು ಡಿ. ಜೈಲು, ದಂಡ ಎಲ್ಲ ಸಿದ್ಧವಾಯಿತು.

ದೂರು ಬರೆದುಕೊಳ್ಳುತ್ತಿದ್ದ ಪೊಲೀಸರು, "ಅದೆಲ್ಲ ಸರಿ ಬುಡಿ ಸಾ, ಮೋಸ ಮಾಡ್ದೋನು ಯಾರು?" ಎಂದರು.

ಭಾವ ಫೋಟೋ ತೋರಿಸಿದರು. ಫೋಟೋದಲ್ಲಿದ್ದ ಸೀನಿಯರು ಪಕ್ಕದ ಬೆಂಚಿನ ಮೇಲೆ ಮುಖ ಗಂಟಿಕ್ಕಿಕೊಂಡು ಕುಳಿತಿದ್ದರು.

ಪೊಲೀಸರು ಕೂಡಲೇ ಸೈಬರ್ ಸಹಾಯವಾಣಿಗೆ ಫೋನ್ ಮಾಡಿಸಿದ್ದರಿಂದ ಒಂದು ಕಾರ್ಡನ್ನು ಕಂಪನಿಯವರು ತಡೆಹಿಡಿದರು. ಉಳಿದವು ಆಗಲೇ ಖರ್ಚಾಗಿದ್ದವು. ಎಫ್‌ಐಆರ್ ಆಯಿತು. ಸೆಕ್ಷನ್‌ಗಳೆಲ್ಲ ಆರೋಪಿಗಾಗಿ ಇಂದಿಗೂ ಕಾಯುತ್ತಿವೆ.

ಇಷ್ಟು ಅನುಭವವಿದ್ದವರನ್ನು ಬಿಡುತ್ತಾರೆಯೇ? ಹನಗೋಡಿನಲ್ಲಿ ಮಹಿಳಾ ಸಂಘದವರಿಗೆ ಕಾನೂನು ಅರಿವಿನ ಕಾರ್ಯಕ್ರಮಕ್ಕೆ ಭಾವನೇ ಸಂಪನ್ಮೂಲ ವ್ಯಕ್ತಿ. ನನ್ನ ಕಕ್ಷಿದಾರರೊಬ್ಬರು, ಪಾಪ, ಅಷ್ಟು ತಿಳಿವಳಿಕೆ ಇಲ್ಲದವರು ಎಂದು ಶುರುಮಾಡಿ, ತಮ್ಮ ಕಥೆಯನ್ನೇ ಹೇಳಿದರು. ಮುಂದಿನ ಸಾಲಿನಲ್ಲಿದ್ದ ಅಕ್ಕ ಎಷ್ಟು ಹೊತ್ತು ತಡೆದುಕೊಂಡಾಳು?

"ಕಕ್ಷಿದಾರ ಅಲ್ಲ ಕಣ್ರವ್ವ, ನಮ್ಮೆಜಮಾನ್ರೇ."

ನಗು ನಿಲ್ಲುವವರೆಗೂ ಭಾವ ಕನ್ನಡಕ ಒರೆಸಿಕೊಂಡರು. ಆಮೇಲೆ ಹಿಂದೆ ಕೂತಿದ್ದ ಒಬ್ಬ ಹೆಂಗಸು ಮೆಲ್ಲಗೆ ಎದ್ದು, ಬಹುಮಾನ ಬಂದಿದೆ ಎಂದು ಯಾರೋ ತಮ್ಮಿಂದಲೂ ಹೀಗೇ ಕಾರ್ಡ್ ಕೊಳ್ಳಿಸಿದರು ಎಂದರು. "ಲಾಯರ್‌ಗೇ ಇಂಗಾಯ್ತದೆ ಅಂದ್ಮೇಲೆ ಯೋಳ್ಬೌದು ಅನ್ನುಸ್ತು. ಮನೇಲಿ ಯಾರ್ಗೂ ಯೋಳಿಲ್ಲ."

ಭಾವ ಮೈಕು ಕೆಳಗಿಟ್ಟು ಅವರ ಪಕ್ಕದಲ್ಲಿ ಹೋಗಿ ಕುಳಿತರು. ಯಾವತ್ತಾಯಿತು, ಮೆಸೇಜು ಅಳಿಸಿಲ್ಲ ತಾನೆ ಎಂದು ಮೆತ್ತಗೆ ಕೇಳುತ್ತ ಸಹಾಯವಾಣಿಗೆ ತಾವೇ ಫೋನ್ ಮಾಡಿದರು. ಅಷ್ಟರಲ್ಲಿ ಇನ್ನಿಬ್ಬರು ತಮ್ಮ ಫೋನು ಹಿಡಿದು ಅವರ ಬಳಿ ಬಂದು ನಿಂತರು.

ಅಕ್ಕ ನನ್ನ ಕಡೆ ತಿರುಗಿ, ಊಟ ತಡವಾಗುತ್ತದೆ ಎಂದಳು.