ಹೆಡ್ಮಾಸ್ಟರ್ ವೆಂಕಟರಾಮಯ್ಯನವರ ಬೋಣಿ

ಜಕ್ಕೂರಿನ ಶಾಲೆಗೆ ಹೆಡ್ಮಾಸ್ಟರಾಗಿ ಬಂದಾಗ ವೆಂಕಟರಾಮಯ್ಯನವರ ಕೋಟು ಹೊಸದು, ಗತ್ತು ಅದಕ್ಕಿಂತ ಹೊಸದು. ಜೂನ್ ತಿಂಗಳು ಶಾಲೆ ತೆರೆದ ದಿನ ಬಾಗಿಲಲ್ಲೇ ಕುರ್ಚಿ ಹಾಕಿಸಿ, ಬಟ್ಟೆ ಅಂಗಡಿಯವನು ಗಜಕೋಲು ಹಿಡಿದಷ್ಟೇ ಬಿಗಿಯಾಗಿ ಮಕ್ಕಳನ್ನು ಅಳೆದರು. ಬಲಗೈ ನೆತ್ತಿಯ ಮೇಲಿಂದ ಬಂದು ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿದ ಲೆಕ್ಕ. ಮುಟ್ಟದಿದ್ದರೆ ಮುಂದಿನ ವರ್ಷ.

ಆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವಳು ಕೂಲಿಯ ಮುನಿಕೆಂಪಮ್ಮ. ಜೊತೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ ಮಗಳು ಪಟಾಲಮ್ಮ. ಹುಡುಗಿಯ ಬೆರಳು ಕಿವಿಗಿಂತ ಮೇಲೆಯೇ ನಿಂತುಬಿಟ್ಟಿತು.

“ಮೈದಾನ್ದಾಗೆ ಇಮಾನ ಇಳೀತಲ್ಲ ಸಾಮಿ, ಆ ವರ್ಸ ಉಟ್ಟಿದ್ದು. ಏಳಾಯ್ತು. ಒಟ್ಟೆಗಿಲ್ದೆ ಗಿಡ್ಡಾಗವ್ಳೆ.”

“ವಿಮಾನ ಬಂದು ಸಾಕ್ಷಿ ಹೇಳುತ್ತೇನಮ್ಮ? ಕಿವಿ ಮುಟ್ಟಲಿ, ಸೇರಿಸ್ಕೋತೀನಿ.”

ಎದುರಂಗಡಿಯ ಬ್ಯಾಟರಾಯಪ್ಪ ಗಲ್ಲಾದಿಂದಲೇ ಕೂಗಿದ: “ಏನ್ ಮೇಷ್ಟ್ರೇ, ಬೋಣಿ ಗಿರಾಕೀನೇ ಬರಿಗೈಲಿ ಕಳಿಸ್ಬಿಟ್ರಲ್ಲ! ನಾವಾದ್ರೆ ನಷ್ಟ ಮಾಡ್ಕೊಂಡಾದ್ರೂ ಕೊಟ್ಟು ಕಳಿಸ್ತೀವಿ.”

“ಇದು ಅಂಗಡಿ ಅಲ್ಲ ಕಣ್ರೀ.”

ಮರುವರ್ಷವೂ ಮೊದಲು ಬಂದವರು ಅವರೇ. ಬೆರಳು ಕೂದಲೆಳೆಯಷ್ಟು ದೂರದಲ್ಲಿತ್ತು. ವೆಂಕಟರಾಮಯ್ಯ ತಲೆಯಾಡಿಸಿದರು. ತಾಯಿ ಮಗಳ ಕೈ ಹಿಡಿದು ಬಂದ ದಾರಿಯಲ್ಲೇ ನಡೆದಳು.

ಮೂರನೆಯ ಜೂನಿನಲ್ಲಿ, ಕಿವಿ ಏನಾದರೂ ಹೇಳಲಿ, ಸೇರಿಸಿಕೊಂಡೇ ಬಿಡುವುದೆಂದು ಅವರು ಕಾದು ಕೂತರು. ತಾಯಿ ಮಗಳು ಬರಲಿಲ್ಲ. ಸಂಜೆ ಕೆರೆಯ ದಂಡೆಯ ಗುಡಿಸಿಲಿಗೆ ತಾವೇ ನಡೆದು ಹೋದರು. ಪಟಾಲಮ್ಮನ ಸೊಂಟದಲ್ಲಿ ಕೈಕೂಸೊಂದು ಕೂತಿತ್ತು.

“ನಾಳೆಯಿಂದ ಬಾರಮ್ಮ. ಕಿವಿ ನೋಡಲ್ಲ.”

“ಈಗ ಮುಟ್ತದೆ ಸಾ!” ಹುಡುಗಿ ಖುಷಿಯಿಂದ ಕೈ ಸುತ್ತಿಸಿ ಕಿವಿ ಜಗ್ಗಿ ತೋರಿಸಿದಳು.

ಒಳಗಿನಿಂದ ಮುನಿಕೆಂಪಮ್ಮ ಹೇಳಿದಳು: “ಆಗ ಮನ್ಯಾಗೆ ಕೂಸಿರ್ನಿಲ್ಲ ಸಾಮಿ. ಈಗ ನಾ ಕೂಲಿಗೋದ್ರೆ ಇದ್ನ ಯಾರ್ ನೋಡ್ತಾರೆ?”

ಅಂದಿನಿಂದ ಅವರ ಶಾಲಾವರ್ಷ ಶುರುವಾಗುತ್ತಿದ್ದದ್ದು ಬಾಗಿಲ ಕುರ್ಚಿಯಿಂದಲ್ಲ. ಶಾಲೆ ತೆರೆಯುವ ಮೊದಲೇ ಮನೆಮನೆಗೆ ಹೋಗಿ ಮಕ್ಕಳನ್ನು ಕರೆಯುವರು. ಕಿವಿ ಅಳೆಯುವುದನ್ನು ಬಿಟ್ಟೇಬಿಟ್ಟರು. ಊರು ತುಂಬ ಹೊಗಳಿತು. ಮೊದಲು ಹೋಗುತ್ತಿದ್ದದ್ದು ಆ ಗುಡಿಸಿಲಿಗೆ. ಪಟಾಲಮ್ಮ ಒಮ್ಮೆ ಸಗಣಿ ತಟ್ಟುತ್ತಿದ್ದಳು, ಒಮ್ಮೆ ರಾಗಿ ಬೀಸುತ್ತಿದ್ದಳು. ಉತ್ತರ ಬದಲಾಗಲಿಲ್ಲ.

ಕೊನೆಗೊಂದು ಜೂನಿನಲ್ಲಿ ಶಾಲೆಗೆ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಲಂಗ ದಾವಣಿಯ ಹುಡುಗಿ, ಕೈ ಹಿಡಿದು ನಿಂತ ತಮ್ಮ, ಅಂದು ಸೊಂಟದಲ್ಲಿದ್ದ ಕೂಸು. ಯಾರೂ ಕೇಳುವ ಮೊದಲೇ ಅವನ ಬಲಗೈ ಎತ್ತಿ, ನೆತ್ತಿಯ ಮೇಲಿಂದ ಎಡಗಿವಿಗೆ ಬಲವಾಗಿ ಒತ್ತಿ ಹಿಡಿದಳು.

“ಮುಟ್ತದೆ ಸಾ. ನೋಡ್ಕಳಿ.”

ವೆಂಕಟರಾಮಯ್ಯನವರಿಗೆ ನೋಡಲಾಗಲಿಲ್ಲ.